ರಂಗಿಯ ಆರಾಮ

ಯಲ್ಲಾಪುರದ ಮಂಜಪ್ಪನಿಗೆ ಹೆಂಡತಿ ಮಕ್ಕಳಿಲ್ಲ. ಇದ್ದವಳು ರಂಗಿ ಒಬ್ಬಳೇ. ಮದುಮಗನನ್ನು ಹೊತ್ತು ದಿಬ್ಬಣದಲ್ಲಿ ನಡೆಯುವ ಬಿಳಿ ಕುದುರೆ. ‘ಕುದುರೇನೇ ಕಟ್ಕೊಂಡಾನ’ ಎಂದು ಊರು ನಗುತ್ತಿತ್ತು. ನಗಲಿ, ಊರಿಗೆ ಬೇರೆ ಕೆಲಸವೇನು?

ಅವಳ ಮುಂಗಾಲಿನ ಗಂಟು ಸವೆದು ಬಾತಿತ್ತು. ಕುಂಟುತ್ತಿದ್ದಳು. ಶಿರಸಿಯ ಪಶುವೈದ್ಯ ಮುಜೀಬ್ ಲೇಸರ್ ಯಂತ್ರ ತಂದು, ವಾರಗಟ್ಟಲೆ ಆ ಗಂಟಿಗೆ ಬೆಳಕು ಹಿಡಿದ. ಊತ ಇಳಿಯಿತು. ರಂಗಿ ಅಂಗಳದಲ್ಲಿ ನೆಟ್ಟಗೆ ನಡೆದ ದಿನ ಮಂಜಪ್ಪ ನಾಚಿಕೆ ಬಿಟ್ಟು ಅತ್ತ. ಮುಜೀಬ್ ಯಂತ್ರ ಎತ್ತಿಡುತ್ತ, “ಇನ್ನೆರಡು ತಿಂಗ್ಳು ಆರಾಮ, ಹಾಂ?” ಎಂದವನೇ ಕಾರು ಹತ್ತಿದ.

ಮಂಜಪ್ಪ ಕೇಳಿಸಿಕೊಂಡದ್ದು ಕನ್ನಡದ ಆರಾಮ, ಹೇಗಿದ್ದೀರಿ ಎಂದರೆ ನಾವೆಲ್ಲ ಹೇಳುವ ಆರಾಮ: ಇನ್ನೆರಡು ತಿಂಗಳು ಚಿಂತೆಯಿಲ್ಲ. ಮುಜೀಬ್ ಹೇಳಿದ್ದು ಅವನ ಮನೆಯ ಉರ್ದುವಿನ ಆರಾಮ: ಕೆಲಸ ಬೇಡ, ವಿಶ್ರಾಂತಿ ಕೊಡು. ಹಾಳು ಮಾತು, ಒಂದೊಂದು ಮನೆಯಲ್ಲಿ ಒಂದೊಂದು ಅರ್ಥ ಇಟ್ಟುಕೊಂಡಿರುತ್ತದೆಂದು ಯಾರಿಗೆ ಹೊಳೆಯುತ್ತದೆ!

ಆ ವಾರವೇ ಒಂದು ಮದುವೆ. ರಂಗಿ ಒಂದಿಷ್ಟೂ ಕುಂಟಲಿಲ್ಲ. ಬ್ಯಾಂಡಿನ ಸದ್ದಿಗೆ ಹಳೆಯ ಹುರುಪಿನಲ್ಲಿ ಕುಣಿದಳು. ಹೆದ್ದಾರಿ ದಾಟುವಾಗ ಒಣಕಟ್ಟಿಗೆ ಮುರಿದಂತೆ ಸದ್ದಾಯಿತು. ಮದುಮಗ ಹೇಗೋ ಜಿಗಿದು ಪಾರಾದ. ರಂಗಿ ಬಿದ್ದಳು.

ಫೋನು ಹೋಗಿ ಮುಜೀಬ್ ಓಡಿಬಂದ. ಕಾಲು ನೋಡಿ ತಲೆ ಚಚ್ಚಿಕೊಂಡ. “ರೆಸ್ಟ್ ಕೊಡು ಅಂದಿದ್ನಲ್ಲ ಮಂಜಪ್ಪಾ!”

“ಆರಾಮ ಅಂದ್ರಿ... ಆರಾಮ ಆಗ್ಯಾಳ ಅಂದ್ಕೊಂಡ್ನಿರಿ. ಕುಂಟಿದ್ರ ಅಲ್ಲೇ ನಿಲ್ಲಿಸ್ತಿದ್ದೆ. ಕುಂಟ್ಲೇ ಇಲ್ಲ.”

“ಲೇಸರ್ ನೋವು ಕಡಿಮೆ ಮಾಡ್ತು. ಗಂಟು ಇನ್ನೂ ಗಟ್ಟಿಯಾಗಿರ್ಲಿಲ್ಲ.”

ನೋವಾದರೂ ಉಳಿದಿದ್ದರೆ ಅವಳನ್ನು ಕಾಯುತ್ತಿತ್ತು. ಅದನ್ನೂ ಪ್ರೀತಿಯಿಂದಲೇ ತೆಗೆಸಿದ್ದ. ಮಂಜಪ್ಪನಿಗೆ ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ.

ಆ ಮೂಳೆ ಕೂಡುವಂಥದ್ದಲ್ಲ. ನರಳಿಸುವ ಬದಲು ಕಳಿಸಿಕೊಡುವುದೇ ಸರಿ ಎಂದು ಮುಜೀಬ್ ಸೂಜಿಗೆ ಮದ್ದು ಎಳೆದುಕೊಂಡ. ಮಂಜಪ್ಪ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ನನ್ನವ್ವಾ, ರಂಗೀ” ಎಂದ. ದನಿ ಕೇಳಿದ್ದೇ ತಡ, ಕೆಲಸಕ್ಕೆ ಕರೆದರೆಂದು ರಂಗಿ ಮುರಿದ ಕಾಲೂರಿ ಏಳಹೋದಳು.

“ಮಾತಾಡ್ಬೇಡ ಮಂಜಪ್ಪಾ,” ಮುಜೀಬ್ ಸೂಜಿ ಹಿಡಿದೇ ಹೇಳಿದ. “ನಿನ್ನ ದನಿ ಕೇಳಿದ್ರೆ ಏಳ್ತಾಳೆ.”

ಮಂಜಪ್ಪ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡ. ಅವಳ ಉಸಿರು ನಿಲ್ಲುವ ತನಕ ಹಾಗೇ ಕೂತಿದ್ದ.