ಖೋಖೋ ಹುಡುಗಿಗೆ ಕಣ್ಣು ಬರೆದರು

ನಾನೊಂದು ಮರದ ಗೊಂಬೆ. ಮೊಳಕ್ಕಿಂತ ತುಸು ಎತ್ತರ, ಹಾರುವ ಜಡೆ, ಎತ್ತಿದ ಒಂದು ಕಾಲು. ಕಿನ್ನಾಳದ ಮಾರುತೆಪ್ಪ ಚಿತ್ರಗಾರನ ಪಡಸಾಲೆಯಲ್ಲಿ ಹುಟ್ಟಿದೆ. ಹಗುರ ಮರದ ತುಂಡುಗಳನ್ನು ಕೆತ್ತಿ ಕೂಡಿಸಿ, ಹುಣಸೆಬೀಜದ ಅಂಟಿನಲ್ಲಿ ಗೋಣಿನಾರು, ಮರದ ಹೊಟ್ಟು ಕಲಸಿ ಸಂದುಗಳಿಗೆ ಮೆತ್ತಿ ನನ್ನನ್ನು ಮಾಡಿದ. ಮಾಡಿದವನನ್ನು ಅಪ್ಪ ಅನ್ನದೆ ಇನ್ನೇನನ್ನಲಿ? ಅವನ ಗೊಂಬೆಗಳೆಲ್ಲ ದೇವರೋ ಆನೆಯೋ ಆಗಿರುತ್ತಿದ್ದವು. ಚಡ್ಡಿ ತೊಟ್ಟು ಓಡುವವಳು ಆ ಮನೆಯಲ್ಲಿ ನಾನೇ ಮೊದಲು.

ನಾನು ಹುಟ್ಟಲು ಕಾರಣ ಒಂದು ಪಂದ್ಯಾವಳಿ. ಹತ್ತಾರು ದೇಶಗಳ ಹುಡುಗಿಯರು ಬೆಂಗಳೂರಿಗೆ ಬಂದು ಖೋಖೋ ಆಡುವವರಿದ್ದರು. ಅದಕ್ಕೊಂದು ಗುರುತಿನ ಗೊಂಬೆ ಬೇಕೆಂದು ಅನಘಾ ಎಂಬ ವಿನ್ಯಾಸಗಾರ್ತಿ ಊರೂರು ಸುತ್ತಿ ಕಿನ್ನಾಳಕ್ಕೂ ಬಂದಳು. ಅವಳು ಕಂಪ್ಯೂಟರಿನಲ್ಲಿ ಬರೆದು ತಂದ ಚಿತ್ರದಲ್ಲಿ ಬೂಟು ಹಾಕಿದ ಜಿಂಕೆಯೊಂದು ಹಲ್ಲು ಕಿರಿಯುತ್ತಿತ್ತಂತೆ. ಅದರ ಮಾದರಿಯನ್ನು ಮರದಲ್ಲಿ ಮಾಡಿಕೊಟ್ಟರೆ ಕಾರ್ಖಾನೆಯವರು ಅಚ್ಚು ತೆಗೆದು ಸಾವಿರಗಟ್ಟಲೆ ಗೊಂಬೆ ಮಾಡುತ್ತಾರಂತೆ.

ಅಪ್ಪ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಖೋಖೋ ಆಡಾಕ ಜಿಂಕಿ ಯಾಕ ಬೇಕ್ರೀ ಮೇಡಂ? ಹುಡುಗ್ಯಾರಿಗೆ ಬರ ಬಂದೈತೇನು?"

ಅನಘಾ ನಕ್ಕಳು. ಆದರೆ ಗೋಡೆಯ ಮೇಲಿನ ಫೋಟೋ ಕಂಡು ಅವಳ ನಗು ನಿಂತಿತು. ಮಾಲೆ ಹಾಕಿದ ಆ ಫೋಟೋದಲ್ಲಿ ಜಿಲ್ಲಾ ತಂಡದ ಅಂಗಿ ತೊಟ್ಟ ಹುಡುಗಿಯೊಬ್ಬಳಿದ್ದಳು. ಹೆಸರು ಹುಲಿಗೆವ್ವ, ಮನೆಯವರಿಗೆ ಹುಲಿಗಿ. ಅಪ್ಪನ ಒಬ್ಬಳೇ ಮಗಳು. ಅಂಕಣದಲ್ಲಿ ಯಾರ ಕೈಗೂ ಸಿಗದವಳು ಹಿಂದಿನ ಶ್ರಾವಣದಲ್ಲಿ ಡೆಂಗಿ ಜ್ವರಕ್ಕೆ ಸಿಕ್ಕಿಬಿಟ್ಟಿದ್ದಳು.

"ಹಾಗಾದ್ರೆ ಇವಳನ್ನೇ ಮಾಡಿಕೊಡಿ" ಎಂದು ಅನಘಾ ಮೆಲ್ಲಗೆ ಹೇಳಿ, ಆ ಫೋಟೋವನ್ನು ತನ್ನ ಮೊಬೈಲಿನಲ್ಲಿ ತೆಗೆದುಕೊಂಡಳು. ಇದೆಲ್ಲ ನಾನು ಆಮೇಲೆ ಕೇಳಿ ತಿಳಿದದ್ದು.

ಅಪ್ಪ ಕೆತ್ತುತ್ತ ಹೋದ. ಮೂಗು ಮೂಡಿದಾಗ ಅವನ ಹೆಂಡತಿ ನೀಲವ್ವ ಪಡಸಾಲೆಗೆ ಬಂದಳು. ಮಗಳು ಹೋದ ಮೇಲೆ ಆಕೆ ಗೊಂಬೆಗಳ ಹತ್ತಿರ ಸುಳಿದದ್ದು ಅದೇ ಮೊದಲಂತೆ.

"ಅಕಿ ಜಡಿ ಎಡಕ್ಕ ಬೀಳ್ತಿತ್ರಿ. ಮೊಣಕಾಲ ಮ್ಯಾಲಿನ ಗಾಯ ಮರತ್ರೇನು?"

ಅಪ್ಪ ಜಡೆಯನ್ನು ತಿದ್ದಿದ. ಮೊಣಕಾಲಿಗೆ ಗಾಯದ ಗೆರೆ ಎಳೆದ. ಅಂದಿನಿಂದ ಅವ್ವ ದಿನಾ ಊಟವಾದ ಮೇಲೆ ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ನನಗೆ ಇನ್ನೂ ಕಣ್ಣಿರಲಿಲ್ಲ. ಆಕೆಯ ಬಳೆಯ ಸದ್ದಷ್ಟೇ ಗೊತ್ತಿತ್ತು.

ಆ ಮನೆಯಲ್ಲೊಂದು ರೀತಿಯಿದೆ. ಗೊಂಬೆಗೆ ಕಣ್ಣು ಬರೆಯುವುದು ಕಟ್ಟಕಡೆಗೆ. ಬರೆದ ಮೇಲೆ ಅದು ಮಾಡಿದವರ ಮನೆಯಲ್ಲಿ ಇರಕೂಡದು, ಇನ್ನೊಬ್ಬರಿಗೆ ಕೊಟ್ಟುಬಿಡಬೇಕು. ಕಣ್ಣಿಲ್ಲದ್ದು ಬರೀ ಮರ, ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಬಹುದು. ಅಪ್ಪ ಕುಂಚ ಎತ್ತುತ್ತಿದ್ದ, ಕೆಳಗಿಡುತ್ತಿದ್ದ. ಅಚ್ಚು ತೆಗೆದಾದ ಮೇಲೆ ನನ್ನನ್ನು ವಾಪಸು ತಂದುಕೊಡುವುದಾಗಿ ಅನಘಾ ಹೇಳಿದ್ದಳು. ಕಣ್ಣಿಲ್ಲದೆ ಹೋಗಿ ಕಣ್ಣಿಲ್ಲದೆ ಬಂದರೆ ನಾನು ಕಾಯಂ ಅವರವಳು. ಗಂಡ ಹೆಂಡತಿ ಅಷ್ಟೊಂದು ಆಸೆ ಇಟ್ಟುಕೊಂಡಿದ್ದರು.

ಒಯ್ಯಲು ಬಂದಾಗ ಅನಘಾ ಕೇಳಿದಳು, "ಕಣ್ಣು ಬಾಕಿ ಇದೆಯಲ್ಲ?"

"ಹಂಗ ಇರ್ಲಿ ಬಿಡ್ರಿ" ಎಂದ ಅಪ್ಪ. ಅಷ್ಟೇ. ಓದಿದ ಹುಡುಗಿ, ಕಾರಣ ಹೇಳಿದರೆ ಎಲ್ಲಿ ನಕ್ಕಾಳೋ ಎಂಬ ಸಂಕೋಚ. ಅವಳು ಇಂಥದಕ್ಕೆ ನಗುವವಳಲ್ಲ. ಅಪ್ಪನ ಆ ಹಾಳು ಸಂಕೋಚ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಬೆಂಗಳೂರಿನಲ್ಲಿ ನನ್ನ ಮೈಗೆ ತಣ್ಣನೆಯ ಹಿಟ್ಟಿನಂಥದ್ದೇನನ್ನೋ ಮೆತ್ತಿ ಅಚ್ಚು ತೆಗೆದರು. ಆಮೇಲೊಂದು ದಿನ ಮುಖದ ಮೇಲೆ ಕುಂಚ ಆಡಿತು. ತಟ್ಟನೆ ಬೆಳಕು. ನಾನು ಮೊಟ್ಟಮೊದಲು ಕಂಡದ್ದು ಒಂದು ಟ್ಯೂಬ್‌ಲೈಟು, ಕನ್ನಡಕದ ಚಿತ್ರಕಾರ, ಮತ್ತು ಅವನೆದುರು ಅನಘಾ ಹಿಡಿದಿದ್ದ ಮೊಬೈಲಿನಲ್ಲಿ ಹುಲಿಗಿಯ ಫೋಟೋ.

"ಪಾಪ, ಹೆತ್ತ ಮಗಳ ಕಣ್ಣು ಬರೆಯೋಕೆ ಅವರಿಗೆ ಕೈ ಬಂದಿಲ್ಲ" ಎಂದಳು ಅನಘಾ. ಅವಳ ಕಣ್ಣೂ ತುಂಬಿತ್ತು. ಒಳ್ಳೆಯದನ್ನೇ ಮಾಡಿದೆನೆಂದುಕೊಂಡಿದ್ದಳು.

ಪಂದ್ಯಗಳು ನಡೆಯುವಷ್ಟು ದಿನ ನಾನು ಕ್ರೀಡಾಂಗಣದ ಬಾಗಿಲಲ್ಲಿ ಗಾಜಿನ ಪೆಟ್ಟಿಗೆಯೊಳಗಿದ್ದೆ. ಬೆರಳುದ್ದದ ಪ್ಲಾಸ್ಟಿಕ್ ಹುಲಿಗಿಯರು ಎಲ್ಲರ ಚೀಲಕ್ಕೂ ಜೋತುಬಿದ್ದಿದ್ದರು. ಯಾವ ಯಾವ ದೇಶದವರೋ ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಗಿತ್ತು. ಕಣ್ಣು ಬಂತಲ್ಲ, ಊರಿಗೆ ಹೋಗಿ ಅವ್ವನನ್ನು ನೋಡಬೇಕೆಂದು ಕಾತರಿಸುತ್ತಿದ್ದೆ.

ಅನಘಾ ಮಾತು ತಪ್ಪಲಿಲ್ಲ. ತಾನೇ ನನ್ನನ್ನು ಬಟ್ಟೆಯಲ್ಲಿ ಸುತ್ತಿ ತಂದಳು. ಅವ್ವ ಬಟ್ಟೆ ಬಿಚ್ಚಿದಳು. ಕೆನ್ನೆ ಬತ್ತಿದ ಮುಖ, ದೊಡ್ಡ ಮೂಗುತಿ. ಇವಳೇ ನನ್ನ ಅವ್ವ ಎಂದು ಬಳೆಯ ಸದ್ದಿನಿಂದ ಗುರುತಿಸಿದೆ.

"ಯವ್ವಾ, ಬಂದೇನ?" ಎಂದಳು ಅವ್ವ. ಎದೆಗವಚಿಕೊಂಡಳು. ಕಣ್ಣು ಹುಲಿಗಿಯವೇ ಆಗಿದ್ದವು, ಒಂದು ಕೂದಲೆಳೆಯೂ ಆಚೀಚೆ ಇರಲಿಲ್ಲ. ಮರುಗಳಿಗೆ ನನ್ನನ್ನು ಎದೆಯಿಂದ ಬಿಡಿಸಿ ಕೆಳಗಿಟ್ಟಳು. ಕಣ್ಣಿನ ಮಾತೆತ್ತದೆ ಇಬ್ಬರೂ ಅನಘಾಳನ್ನು ಕಾರು ಹತ್ತಿಸಿ ಬಂದರು.

"ಯಾರಿಗೆ ಗೊತ್ತಾಗತೈತಿ? ಇಟ್ಕೊಳ್ಳೂಣು" ಎಂದ ಅಪ್ಪ.

"ಆ ವರ್ಸ ನೀವು ಕಣ್ಣು ಬರೆದಿಟ್ಟ ದುರ್ಗಮ್ಮನ ಗೊಂಬೀನ ಮಾಡಿಸಿದವ್ರು ಒಯ್ಯಲಿಲ್ಲ. ಶ್ರಾವಣ ಪೂರ್ತಿ ಇಲ್ಲೇ ಇತ್ತು. ಅದ ಶ್ರಾವಣದಾಗ ಹುಲಿಗಿ ಹೋದ್ಲು. ನಾ ಇಷ್ಟ ದಿನ ಬಾಯಿಬಿಟ್ಟು ಅಂದಿಲ್ಲ. ಇನ್ನ ಕಳಕೊಳ್ಳಾಕ ನನಗ ನೀವೊಬ್ರ ಅದೀರಿ."

ಅದು ಸೊಳ್ಳೆಯಿಂದ ಬಂದ ಜ್ವರ ಎಂದು ಅಪ್ಪ ವಾದಿಸಬಹುದಿತ್ತು. ವಾದಿಸಲಿಲ್ಲ. ಉಳಿ ತೆಗೆದುಕೊಂಡ. "ಹಂಗಾದ್ರ ಕಣ್ಣು ಕೆರದು ತಗೀತೀನಿ. ಮರ ಆಗೇ ಇರ್ಲಿ, ಮನ್ಯಾಗ ಇರತೈತಿ."

ಅವ್ವ ಅಂಗೈಯಿಂದ ನನ್ನ ಕಣ್ಣು ಮುಚ್ಚಿದಳು. "ಬ್ಯಾಡ್ರಿ. ಇಕಿ ಕಣ್ಣು ಮುಚ್ಚಿದ್ದು ಒಂದ ಸಲ ನೋಡೀನಿ. ಇನ್ನೊಂದ ಸಲ ನನ್ನ ಕೈಲೆ ಆಗಂಗಿಲ್ಲ."

ಅಪ್ಪ ಉಳಿ ಕೆಳಗಿಟ್ಟು ಗೋಡೆಗೆ ಮುಖ ಮಾಡಿ ಅತ್ತ.

ಮರುದಿನ ಅವ್ವ ನನ್ನ ಹಣೆಗೆ ಕುಂಕುಮ ಇಟ್ಟಳು. ಮನೆಮಗಳನ್ನು ಕಳಿಸುವಾಗ ಉಡಿ ತುಂಬಬೇಕಲ್ಲ. ಚಡ್ಡಿ ತೊಟ್ಟವಳಿಗೆ ಉಡಿ ಎಲ್ಲಿಂದ ಬರಬೇಕು? ತನ್ನ ಸೆರಗನ್ನೇ ನನ್ನ ಮುಂದೆ ಚಾಚಿ ಅದರಲ್ಲಿ ಅಕ್ಕಿ, ಅಡಿಕೆ ಹಾಕಿದಳು. ಹುಲಿಗಿ ಓದಿದ ಹೈಸ್ಕೂಲಿನವರೆಗೆ ನನ್ನನ್ನು ಎತ್ತಿಕೊಂಡು ನಡೆದಳು. ಹೆಡ್‌ಮಾಸ್ತರರ ಮೇಜಿನ ಮೇಲೆ ಇಟ್ಟು, ತಿರುಗಿ ನೋಡದೆ ಹೋದಳು.

ಅಂದಿನಿಂದ ಇಲ್ಲೇ ಇದ್ದೇನೆ, ಆಫೀಸು ಕೋಣೆಯಲ್ಲಿ, ಗೆದ್ದ ಕಪ್ಪುಗಳ ನಡುವೆ. ಬಣ್ಣ ಮಾಸಿದೆ, ಜಡೆಯ ತುದಿ ಮುರಿದಿದೆ. ಕಣ್ಣು ಬಾರದೆ ಇದ್ದಿದ್ದರೆ ಅವ್ವನ ತೊಡೆಯ ಮೇಲಿರುತ್ತಿದ್ದೆ, ಆಕೆಯ ಮುಖ ಮಾತ್ರ ಎಂದೂ ಕಾಣುತ್ತಿರಲಿಲ್ಲ. ಯಾವುದು ಮೇಲಿತ್ತೆಂದು ಎಷ್ಟು ಯೋಚಿಸಿದರೂ ನನಗೆ ತಿಳಿಯುವುದಿಲ್ಲ.

ಅಪ್ಪ ಒಮ್ಮೆಯೂ ಬಂದಿಲ್ಲ. ಅವ್ವ ಹಿಟ್ಟಿನ ಗಿರಣಿಗೆ ಹೋಗುವಾಗ ಬಾಗಿಲವರೆಗೆ ಬರುತ್ತಾಳೆ. ಕೊಟ್ಟದ್ದನ್ನು ನಮ್ಮದೆಂದು ನೋಡಬಾರದು, ಅದಕ್ಕೆ ಒಳಗೆ ಬರುವುದಿಲ್ಲ.

"ಗಂಟಿ ಎಷ್ಟಾತ್ರಿ ಸರ?"

ಗೋಡೆ ಗಡಿಯಾರ ನನ್ನ ತಲೆಯ ಮೇಲೆಯೇ ಇದೆ. ಅವ್ವ ಅದನ್ನು ನೋಡುವವಳ ಹಾಗೆ ಇತ್ತ ನೋಡುತ್ತಾಳೆ. ಆಕೆಗೆ ಗಡಿಯಾರ ನೋಡಲು ಬರುವುದಿಲ್ಲ. ಹೆಡ್‌ಮಾಸ್ತರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಬಹಳ ನಿಧಾನವಾಗಿ ಗಂಟೆ ಹೇಳುತ್ತಾರೆ.