ತಾತ ಯಾಕೆ ನೀರು ಬಿಟ್ಟರು?

“ಬೇಡಮ್ಮ, ಬಾಯಾರಿಕೆ ಇಲ್ಲ.”

ಪಕ್ಕದ ಮನೆ ತಾತನದು ದಿನಾ ಇದೇ ಮಾತು. ಸೊಸೆ ಲೋಟ ಹಿಡ್ಕೊಂಡು ಹೋದ ಹಾಗೇ ವಾಪಸ್ ಬರ್ತಿದ್ದಳು. ನಾನು ಟೈಲರ್, ನನ್ನ ಮಿಷನ್ ಇರೋದು ಅವರ ಕಿಟಕಿ ಪಕ್ಕ. ಬೇಡ ಅಂದ್ರೂ ಎಲ್ಲಾ ಕಿವಿಗೆ ಬೀಳುತ್ತೆ.

ತಾತ ಸೊಂಟದ ಮೂಳೆ ಮುರ್ಕೊಂಡು, ಆಪರೇಷನ್ ಆಗಿ ಮನೆಗೆ ಬಂದಿದ್ರು. ಎದ್ದು ನಿಲ್ಲೋಕೂ ಇನ್ನೊಬ್ಬರ ಆಸರೆ ಬೇಕು. ಮಗ ಲಾರಿ ಡ್ರೈವರ್, ಬೆಳಿಗ್ಗೆ ಹೋದರೆ ಕತ್ತಲಾದ ಮೇಲೇ ಬರೋದು. ಮನೇಲಿರೋದು ಸೊಸೆ, ಜೊತೆಗೆ ಅವಳ ತಮ್ಮ. ಅವನು ಗೋದಾಮಲ್ಲಿ ಮೂಟೆ ಹೊರ್ತಿದ್ದ, ಅಲ್ಲಿ ಯಂತ್ರ ಬಂತು, ಇವನ ಕೆಲಸ ಹೋಯ್ತು. ಬಾಗಿಲಿಗೆ ತಲೆ ತಗಲೋ ಆಳು, ನಾವೆಲ್ಲ ದಾಂಡಿಗ ಅಂತಲೇ ಕರೆಯೋದು. ಆದ್ರೆ ಎಲ್ಲಿ ನೋವಾಗುತ್ತೋ ಅಂತ ತಾತನ್ನ ಮುಟ್ಟೋಕೇ ಅವನಿಗೆ ಭಯ.

ಒಂದು ಭಾನುವಾರ ತಾತ ಏನೇನೋ ಬಡಬಡಿಸೋಕೆ ಶುರು ಮಾಡಿದ್ರು. ಸ್ವಂತ ಮಗನನ್ನೇ “ನೀನ್ಯಾರಪ್ಪ?” ಅಂದ್ರು. ನಾನೂ ಅವರ ಜೊತೆ ಆಸ್ಪತ್ರೆಗೆ ಓಡಿದೆ.

ಮೈಯಲ್ಲಿ ನೀರಿನಂಶ ಕಮ್ಮಿ, ಮೂತ್ರದ ಸೋಂಕು ಬೇರೆ ಅಂದ್ರು ಡಾಕ್ಟರು. ಚಿಕಿತ್ಸೆ ಆಗಿ ತಾತ ಸರಿಯಾಗಿ ಮಾತಾಡೋ ಹಾಗಾದ ಮೇಲೆ ನರ್ಸಮ್ಮ ಪಕ್ಕದಲ್ಲಿ ಕೂತು ಕೇಳಿದ್ರು, “ತಾತ, ನೀರು ಯಾಕೆ ಬಿಟ್ರಿ?”

ತಾತ ಗೋಡೆ ಕಡೆ ಮುಖ ತಿರುಗಿಸಿದ್ರು. “ಕುಡಿದರೆ ಒಂದಕ್ಕೆ ಹೋಗಬೇಕಲ್ಲಮ್ಮ. ಮಗಳ ಥರ ಇರೋ ಸೊಸೆ ಕೈಲಿ ಬಟ್ಟೆ ಬಿಚ್ಚಿಸ್ಕೊಳ್ಳಲಾ?”

ಸೊಸೆ ಅತ್ತೇಬಿಟ್ಟಳು.

“ಈಗ ಜನ ಹೆಚ್ಚು ವರ್ಷ ಬದುಕ್ತಾರೆ, ಆಪರೇಷನ್ ಆದವರೂ ಬೇಗ ಮನೆಗೆ ಹೋಗ್ತಾರೆ,” ಅಂದ್ರು ನರ್ಸಮ್ಮ. “ಮನೇಲಿ ನೋಡ್ಕೊಳ್ಳೋಕೆ ಕೆಲಸ ಕಲಿತವರು ಬೇಕು, ಅದ್ರಲ್ಲೂ ಗಂಡಸರು. ಇಲ್ಲೇ ತರಬೇತಿ ಕೊಡ್ತೀವಿ, ಒಬ್ಬ ಗಂಡಸೂ ಈ ಕಡೆ ತಲೆ ಹಾಕಲ್ಲ.”

“ನಾನು ಬರ್ಲಾ?” ಅಂದ ದಾಂಡಿಗ.

ಅವನ ಭಾವ, ಅಂದರೆ ತಾತನ ಮಗ, ಸಿಡುಕಿದ. “ಥೂ, ಗಂಡಸಾಗಿ ಕಂಡೋರ ಮೈ ತೊಳೀತೀಯಾ? ನಾಲ್ಕು ಜನ ಏನಂತಾರೆ?”

ನನಗೆ ತಡ್ಕೊಳ್ಳೋಕಾಗಲಿಲ್ಲ. “ಆ ನಾಲ್ಕು ಜನ ಬಂದು ನಿಮ್ಮಪ್ಪನ್ನ ಎಬ್ಬಿಸ್ತಾರೇನಪ್ಪಾ?” ಅಂದುಬಿಟ್ಟೆ.

“ಮೂಟೆ ಹೊತ್ತವನಿಗೆ ಇದರಲ್ಲಿ ಕಲಿಸೋದೇನಿದೆ?” ಅಂತ ಮಗ ಇನ್ನೊಂದು ಕೊಂಕು ತೆಗೆದ.

“ಮೂಟೆಗೆ ನೋವಾಗಲ್ಲ, ನಾಚಿಕೆನೂ ಆಗಲ್ಲ. ಅದಕ್ಕೇ ಕಲೀಬೇಕು,” ಅಂದ್ರು ನರ್ಸಮ್ಮ.

ದಾಂಡಿಗ ಸೇರಿಕೊಂಡ, ಕಲಿತ. ಈಗ ಅವನ ಕೆಲಸ ನೋಡ್ಬೇಕು ನೀವು! “ಮಾವ, ಏಳೋಣವಾ?” ಅಂತಾನೆ, ತಾತ ಹೂಂ ಅನ್ನೋವರೆಗೂ ಮೈ ಮುಟ್ಟಲ್ಲ. ಕಂಕುಳಿಗೆ ಕೈ ಹಾಕಿ ಎಳೆಯಲ್ಲ. ಮಂಚದ ಅಂಚಲ್ಲಿ ಕೂರಿಸಿ, ತಲೆ ಸುತ್ತುತ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು ಆಮೇಲೆ ನಿಲ್ಲಿಸ್ತಾನೆ. “ಟಾಯ್ಲೆಟ್ ಒಳಗೆ ಕೂರಿಸಿ ಆ ಕಡೆ ತಿರುಗಿ ನಿಲ್ತಾನೆ, ನನ್ನ ಮಾನ ಕಾಯ್ತಾನೆ,” ಅಂತಾರೆ ತಾತ.

ಮೊನ್ನೆ ಬೆಳಿಗ್ಗೆ ಆ ಕಿಟಕಿಯಿಂದ ಜೋರು ದನಿ ಕೇಳಿಸ್ತು: “ಇನ್ನೊಂದು ಲೋಟ ನೀರು ತಾರಮ್ಮ!”

ಕೆಲಸಕ್ಕೆ ಹೊರಟಿದ್ದ ಮಗ ಬಾಗಿಲಲ್ಲೇ ನಿಂತುಬಿಟ್ಟ. ವಾಪಸ್ ತಿರುಗಿ ಭಾಮೈದನ ಹತ್ರ ಬಂದು ಮೆಲ್ಲಗೆ ಕೇಳಿದ, “ಭಾನುವಾರ ನಾನು ಮನೇಲಿರ್ತೀನಿ. ಅಪ್ಪನ್ನ ಎಬ್ಬಿಸೋದು ನನಗೂ ಹೇಳ್ಕೊಡ್ತೀಯೇನೋ?”

ದಾಂಡಿಗ ಈಗ ಸಂಬಳಕ್ಕೆ ಬೇರೆ ಮನೆಗಳಿಗೂ ಹೋಗ್ತಾನೆ. ಕರೆಯೋರು ಜಾಸ್ತಿ, ಅವನೊಬ್ಬ ಸಾಲದು.

ನಿಮ್ಮ ಮನೇಲಿ ಕೆಲಸ ಹುಡುಕ್ತಿರೋ ಮಗಳಿರಲಿ, ಮಗನಿರಲಿ, ಆರೈಕೆ ತರಬೇತಿ ಎಲ್ಲಿ ಸಿಗುತ್ತೆ ಅಂತ ಹತ್ತಿರದ ಆಸ್ಪತ್ರೇಲಿ ಇವತ್ತೇ ವಿಚಾರಿಸಿ. ಯಾವುದೋ ಮನೇಲಿ ಈಗಲೂ ಒಬ್ಬರು ನಾಚಿಕೆಗೆ ನೀರು ಬಿಟ್ಟು ಮಲಗಿದ್ದಾರೆ. ಬೇಗ ಬನ್ನಿ.