ನಲವತ್ತಾರರ ಮೇಲೆ ಮಣ್ಣು

ನನ್ನ ಗಂಡ ಲೆನ್ ಡ್ರಾಬಿಕ್ ಬದುಕಿದ್ದಾಗ ಒಂದು ನಿಮಿಷ ಬಾಯಿ ಮುಚ್ಚಿಕೊಂಡು ನಿಂತವನಲ್ಲ. ಅಂಥವನ ಹೆಸರಿನಲ್ಲಿ ಈಗ ಪ್ರತಿ ಪಂದ್ಯಕ್ಕೂ ಮುಂಚೆ ಸ್ಟೇಡಿಯಂ ತುಂಬ ಜನ ಟೋಪಿ ತೆಗೆದು ಒಂದು ನಿಮಿಷ ಮೌನ ಆಚರಿಸುತ್ತಿದ್ದರು. ಮೊದಲ ದಿನ ನಾನೂ ಅತ್ತೆ. ಎರಡನೆಯ ವಾರದ ಹೊತ್ತಿಗೆ ಆ ಮೌನ ಶುರುವಾದರೆ ಸಾಕು, ನನ್ನ ಅಂಗಾಲಲ್ಲಿ ಇರುವೆ ಹರಿದ ಹಾಗಾಗುತ್ತಿತ್ತು. ಎದ್ದು ಕೂಗಿಬಿಡೋಣ ಅನ್ನಿಸುತ್ತಿತ್ತು. ಕೂಗಲಿಲ್ಲ. ಅಷ್ಟು ಮಾನ ಇನ್ನೂ ಉಳಿದಿತ್ತು.

ಈರೀ ಸರೋವರದ ದಂಡೆಯ ನಮ್ಮೂರಿನ ಬೇಸ್‌ಬಾಲ್ ತಂಡ ಬಾರ್ಜ್‌ಮನ್‌ಗೆ ಲೆನ್ ಇಪ್ಪತ್ತೆರಡು ವರ್ಷ ಮ್ಯಾನೇಜರ್ ಆಗಿದ್ದ. ಜುಲೈ ತಿಂಗಳಲ್ಲಿ, ಪಂದ್ಯಕ್ಕೆಂದು ಹೋದ ಪರವೂರಿನ ಹೋಟೆಲಿನಲ್ಲಿ ಅವನ ಹೃದಯ ನಿಂತಿತು. ಊರಿನವರಿಗೆ ಅವನು ಗೆದ್ದ ಪಂದ್ಯಗಳು ನೆನಪಿವೆಯೋ ಇಲ್ಲವೋ, ಅವನು ಎರಚಿದ ಮಣ್ಣು ಮಾತ್ರ ಎಲ್ಲರಿಗೂ ನೆನಪಿದೆ. ಅಂಪೈರ್ ತಪ್ಪು ತೀರ್ಪು ಕೊಟ್ಟರೆ ಲೆನ್ ಡಗ್‌ಔಟಿನಿಂದ, ಅಂದರೆ ಆಟಗಾರರು ಕೂರುವ ತಗ್ಗಿನ ಚಾವಡಿಯಿಂದ, ಹಾರಿಬಂದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಬೈದು, ಕೊನೆಗೆ ಬೂಟುಗಾಲಿನಿಂದ ಮಣ್ಣು ಒದ್ದೊದ್ದು ಹೋಮ್ ಪ್ಲೇಟನ್ನು, ಅಂದರೆ ಬ್ಯಾಟು ಹಿಡಿದವನ ಮುಂದಿನ ಆ ಬಿಳಿ ಹಲಗೆಯನ್ನು, ಮುಚ್ಚಿಬಿಡುತ್ತಿದ್ದ. ಅಂಪೈರ್ ತೋಳೆತ್ತಿ ಅವನನ್ನು ಪಂದ್ಯದಿಂದ ಹೊರಗೆ ಹಾಕುತ್ತಿದ್ದ. ಜನ ಎದ್ದುನಿಂತು ಕುಣಿಯುತ್ತಿದ್ದರು. ಅದೇ ಮಣ್ಣಿನ ಬೂಟಿನಲ್ಲಿ ಈ ಮಹಾರಾಯ ಮನೆಗೆ ಬರುತ್ತಿದ್ದ. ನಮ್ಮ ದಾಂಪತ್ಯದಲ್ಲಿ ನಾನು ಅತಿ ಹೆಚ್ಚು ಆಡಿದ ಮಾತು ಯಾವುದು ಅಂತ ಕೇಳಿದರೆ, ‘ಬೂಟು ಹೊರಗೆ ಬಿಡು’ ಅನ್ನುವುದೇ.

ಅವನು ಹೋದ ಮೇಲೆ ಕ್ಲಬ್ಬಿನವರು ಗೌರವದ ಮಳೆಯನ್ನೇ ಸುರಿಸಿದರು. ಆಟಗಾರರ ತೋಳಿಗೆ ಕಪ್ಪು ಪಟ್ಟಿ ಬಂತು. ಡಗ್‌ಔಟಿನ ಬೆಂಚಿನ ಮೇಲೆ ಅವನು ಕೂರುತ್ತಿದ್ದ ಜಾಗದಲ್ಲಿ ಅವನ ಜಾಕೆಟ್ಟು ಹಾಸಿಟ್ಟು, ಅಲ್ಲಿ ಯಾರೂ ಕೂರದ ಹಾಗೆ ಮಾಡಿದರು. ಅವನು ತಿನ್ನುತ್ತಿದ್ದ ಸಾಸೇಜಿಗೂ ಅವನ ಹೆಸರಿಟ್ಟು ಮಾರಿದರು. ಇದೆಲ್ಲದರ ಉಸ್ತುವಾರಿ ಕೆಂಡ್ರಾ ಅನ್ನುವ ಹುಡುಗಿಯದು. ಒಳ್ಳೆಯವಳೇ, ಆದರೆ ಅತಿಯಾದರೆ ಅಮೃತವೂ ವಿಷ ಅನ್ನುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ನು ಅವನ ಅಂಗಿಯ ನಂಬರು. ಬೇಸ್‌ಬಾಲಿನಲ್ಲಿ ಮ್ಯಾನೇಜರನೂ ಆಟಗಾರರ ಹಾಗೆ ನಂಬರಿನ ಅಂಗಿ ತೊಡುತ್ತಾನೆ. ಲೆನ್‌ದು ನಲವತ್ತಾರು. ಮೈದಾನ ನೋಡಿಕೊಳ್ಳುವ ಹೋಬರ್ಟ್ ಪ್ರತಿ ಪಂದ್ಯದ ಬೆಳಿಗ್ಗೆ ಮಂಡಿಯೂರಿ, ನಮ್ಮ ಡಗ್‌ಔಟಿನ ಮೆಟ್ಟಿಲ ಮುಂದಿನ ಕೆಂಪು ಮಣ್ಣಿನ ಮೇಲೆ ಸುಣ್ಣದ ಪುಡಿಯಲ್ಲಿ ಮಂಚದಷ್ಟು ದೊಡ್ಡದಾಗಿ 46 ಬರೆಯುತ್ತಿದ್ದ. ಚೆನ್ನಾಗಿದೆಯಾ ಅಂತ ನನ್ನನ್ನು ಕೇಳಿದ. ಚೆನ್ನಾಗಿದೆ ಅಂದೆ. ಚೆನ್ನಾಗಿಯೇ ಇತ್ತು.

ಆದರೆ ಈ ಆಟದವರ ಒಂದು ಹುಚ್ಚು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ. ಮೈದಾನದ ಸುಣ್ಣದ ಗೆರೆಯನ್ನು ಇವರು ತುಳಿಯುವುದಿಲ್ಲ. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ದಾಟಿಯೇ ಕಾಲಿಡುತ್ತಾರೆ, ತುಳಿದರೆ ಕೇಡು ಅನ್ನುವುದು ಅಜ್ಜನ ಕಾಲದ ನಂಬಿಕೆ. ಬರೀ ಗೆರೆಯನ್ನೇ ತುಳಿಯದವರು ಸತ್ತ ಮ್ಯಾನೇಜರನ ನಂಬರನ್ನು ತುಳಿದಾರೆಯೇ? ಮೆಟ್ಟಿಲು ಹತ್ತಿ ಬಂದವರು ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ ಸುತ್ತಿಕೊಂಡು ಹೋಗುತ್ತಿದ್ದರು. ಟಿವಿಯವರು ಅದನ್ನೇ ಮತ್ತೆ ಮತ್ತೆ ತೋರಿಸಿದರು. ನನಗೂ ಕಣ್ಣು ತುಂಬಿ ಬರುತ್ತಿತ್ತು, ಸೆಪ್ಟೆಂಬರಿನ ಆ ಪಂದ್ಯದವರೆಗೆ.

ಅವತ್ತು ಏನಾಯಿತೆಂದು ಹೇಳುವ ಮುಂಚೆ ರಮೀರೋ ಯಾರೆಂದು ಹೇಳಬೇಕು. ರಮೀರೋ ಪೆನ್ಯಾ ನಮ್ಮ ಥರ್ಡ್ ಬೇಸ್, ಅಂದರೆ ನಮ್ಮ ಡಗ್‌ಔಟಿನ ಕಡೆಯ ಮೂಲೆ, ಕಾಯುವವನು. ಹತ್ತೊಂಬತ್ತರ ವಯಸ್ಸಿನಲ್ಲಿ, ಇಲ್ಲಿನ ಭಾಷೆ ಒಂದಕ್ಷರ ಬಾರದೆ, ಡೊಮಿನಿಕನ್ ರಿಪಬ್ಲಿಕ್ಕಿನಿಂದ ಬಂದಿಳಿದ. ಲೆನ್ ಅವನನ್ನು ಸೀದಾ ಮನೆಗೆ ಕರೆತಂದ. ಎರಡು ವರ್ಷ ನಮ್ಮ ಮಹಡಿಯ ಕೋಣೆಯಲ್ಲಿದ್ದ. ಕಾರು ಓಡಿಸಲು ನಾನು ಅವನಿಗೆ ಕಲಿಸಿದೆ, ಕೆಂಪು ಹುರುಳಿಕಾಯಿ ಬೀಜದ ಸಾರು ಮಾಡಲು ಅವನು ನನಗೆ ಕಲಿಸಿದ. ನಮಗೆ ಮಕ್ಕಳಿಲ್ಲ. ಇವನು ಇದ್ದ. ಈಗ ಮೂವತ್ತೇಳಾಗಿದೆ, ಮಂಡಿ ಸವೆದಿದೆ, ಇದೇ ಕೊನೆಯ ವರ್ಷ. ಇಷ್ಟು ವರ್ಷ ಆಡಿದರೂ ಒಮ್ಮೆಯೂ ಅಕ್ಟೋಬರ್ ನೋಡಿಲ್ಲ. ಅಕ್ಟೋಬರ್ ಅಂದರೆ ನಮ್ಮಲ್ಲಿ ತಿಂಗಳಲ್ಲ, ಗೆದ್ದ ತಂಡಗಳು ಮಾತ್ರ ಆಡುವ ಕೊನೆಯ ಸುತ್ತು. ‘ನಿನ್ನನ್ನ ಅಕ್ಟೋಬರಿಗೆ ಕರ್ಕೊಂಡು ಹೋಗದೆ ನಾನು ಸಾಯಲ್ಲ’ ಅನ್ನುತ್ತಿದ್ದ ಲೆನ್. ಸುಳ್ಳುಬುರುಕ.

ಆ ಪಂದ್ಯದಲ್ಲಿ ಎದುರಾಳಿ ಹೊಡೆದ ಚೆಂಡು ನೇರ ಮೇಲಕ್ಕೆ ಹೋಗಿ ನಮ್ಮ ಡಗ್‌ಔಟಿನ ಮುಂದೆ ಇಳಿಯತೊಡಗಿತು. ಹಿಡಿದರೆ ಅವನು ಔಟ್. ರಮೀರೋ ಮುಖ ಮೇಲೆತ್ತಿ ಓಡಿಬಂದ. ಇಂಥ ಕ್ಯಾಚನ್ನು ಅವನು ನಿದ್ದೆಗಣ್ಣಿನಲ್ಲೂ ಹಿಡಿಯುತ್ತಾನೆ. 46ರ ಅಂಚಿಗೆ ಬಂದವನೇ ಗಕ್ಕನೆ ನಿಂತ. ನೀರಿಗಿಳಿಯದೆ ದಡದಿಂದಲೇ ಏನನ್ನೋ ಎತ್ತಿಕೊಳ್ಳುವವನ ಹಾಗೆ ಬಗ್ಗಿ ಕೈ ಚಾಚಿದ. ಚೆಂಡು 6ರ ಹೊಟ್ಟೆಯಲ್ಲಿ ಬಿದ್ದು ಸುಣ್ಣ ಹಾರಿತು. ಔಟಾಗಬೇಕಿದ್ದವನು ಮುಂದಿನ ಚೆಂಡನ್ನೇ ಗ್ಯಾಲರಿಗೆ ಹೊಡೆದ, ನಾವು ಸೋತೆವು. ಬಿಸಿಲು ಕಣ್ಣಿಗೆ ಹೊಡೆಯಿತು ಅಂತ ರಮೀರೋ ಪತ್ರಿಕೆಯವರಿಗೆ ಹೇಳಿದ. ಅವತ್ತು ಮೋಡ ಕವಿದಿತ್ತು. ಯಾರೂ ಮರುಪ್ರಶ್ನೆ ಹಾಕಲಿಲ್ಲ.

ಆಮೇಲೆ ಅದು ಅಂಟುಜಾಡ್ಯವಾಯಿತು. ಒಬ್ಬ ಆ ಕಡೆ ಓಡುವುದನ್ನೇ ಬಿಟ್ಟ, ಇನ್ನೊಬ್ಬ ಸುತ್ತಿ ಬರಲು ಹೋಗಿ ಎಡವಿದ. ನಾನು ಕಾಲು ಸುಟ್ಟ ಬೆಕ್ಕಿನ ಹಾಗೆ ಸ್ಟೇಡಿಯಂ ಸುತ್ತತೊಡಗಿದೆ. ನನ್ನ ಸೀಟಿನಲ್ಲಿ ಕೂತರೆ ಆ ನಂಬರೇ ಕಾಣುತ್ತಿತ್ತು. ಲೆನ್ ಬಿಟ್ಟುಹೋದಾಗ ಮೊದಲ ಸ್ಥಾನದಲ್ಲಿದ್ದ ತಂಡ ಜಾರುತ್ತ ಜಾರುತ್ತ ಕೊನೆಯ ಭಾನುವಾರಕ್ಕೆ ಬಂದು ನಿಂತಿತು. ಗೆದ್ದರೆ ಅಕ್ಟೋಬರ್, ಸೋತರೆ ಮನೆ. ಅದೇ ಭಾನುವಾರ ಕೆಂಡ್ರಾ ‘ಲೆನ್ ಡ್ರಾಬಿಕ್ ದಿನ’ ಇಟ್ಟುಕೊಂಡಿದ್ದಳು.

ಆ ನಂಬರು ಅಳಿಸಿ ಅಂತ ಹೇಳಲು ನಾನು ಎಲ್ಲರ ಬಾಗಿಲಿಗೂ ಹೋದೆ. ಲೆನ್‌ನ ಬಲಗೈಯಾಗಿದ್ದು ಈಗ ಮ್ಯಾನೇಜರಾಗಿರುವ ಡೆನಿಗೆ ಎಲ್ಲ ಗೊತ್ತಿತ್ತು. ತಾನು ಅಳಿಸಿದರೆ ಊರವರು ತನ್ನನ್ನು ಸರೋವರಕ್ಕೆ ಎಸೆಯುತ್ತಾರೆ ಅಂದ. ಅದೂ ಸುಳ್ಳಲ್ಲ. ಕೆಂಡ್ರಾ ನನ್ನ ಕೈ ಹಿಡಿದು, ಭಾನುವಾರ ಹೆಲಿಕಾಪ್ಟರಿನಿಂದ ಆ ನಂಬರಿನ ಚಿತ್ರ ತೆಗೆಯುತ್ತಾರೆ, ಸೀಸನ್ ಮುಗಿಯಲಿ ಅಂದಳು. ಹೋಬರ್ಟನ ಬಳಿ ಹೋದರೆ ಅವನು ಸೊಂಟ ಹಿಡಿದುಕೊಂಡು ಎದ್ದು, ಲೆನ್‌ಗೋಸ್ಕರ ತನ್ನಿಂದಾಗುವುದು ಇದೊಂದೇ ಅಂತ ಕಣ್ಣೊರೆಸಿಕೊಂಡ. ಅಳಿಸು ಅನ್ನದೆಯೇ ತಿರುಗಿ ಬಂದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಶನಿವಾರ ಮಧ್ಯಾಹ್ನ ರಮೀರೋ ಊಟಕ್ಕೆ ಬಂದ. ಬಾಗಿಲಲ್ಲೇ, ನಾನು ಹೇಳುವ ಮುಂಚೆ, ಬೂಟು ಕಳಚಿಟ್ಟ. ಅವನಿಗೆ ಮೇಜಿನ ಮೇಲೆ ಬಡಿಸಿದೆ. ಸುತ್ತುಬಳಸಿ ಮಾತಾಡುವುದು ನನಗೆ ಬರುವುದಿಲ್ಲ.

“ಬಿಸಿಲು ಕಣ್ಣಿಗೆ ಹೊಡೀತೇನೋ ಅವತ್ತು?” ಅಂದೆ.

ಅವನು ಚಮಚ ಕೆಳಗಿಟ್ಟ. “ಇಲ್ಲಮ್ಮ. ಓಡ್ತಾ ಇರ್ತೀನಿ, ಅದು ಕಾಣತ್ತೆ, ಕಾಲು ತಾನಾಗೇ ನಿಂತ್ಬಿಡತ್ತೆ. ಅವರ ಎದೆ ಮೇಲೆ ಕಾಲಿಟ್ಟ ಹಾಗನ್ಸತ್ತೆ.”

“ಅವನಿದ್ದಿದ್ರೆ ನಿನ್ನ ಚರ್ಮ ಸುಲಿದು ಬಾಗಿಲಿಗೆ ತೂಗು ಹಾಕ್ತಿದ್ದ.”

“ಅವರಿಲ್ವಲ್ಲ.”

ಸಿಟ್ಟು ಬಂತು. ಆಡಬೇಕಾದವನು ನೀನು, ಸಣ್ಣ ಮಗುವಿನ ಹಾಗೆ ಆಡಬೇಡ ಅಂತ ಗದರಿಸಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, ಆಮೇಲೆ ಮೆಲ್ಲಗೆ ಕೇಳಿದ.

“ನೀವ್ಯಾಕಮ್ಮ ನಿಂತ್ಕೊಂಡೇ ಊಟ ಮಾಡ್ತೀರಿ?”

ನಾನು ಸಿಂಕಿಗೆ ಒರಗಿ, ತಟ್ಟೆ ಕೈಯಲ್ಲಿ ಹಿಡಿದು ನಿಂತಿದ್ದೆ. ಮನೆಯಲ್ಲಿ ಮೇಜಿಗೆ ಈಗ ಎರಡೇ ಕುರ್ಚಿ. ಒಂದರಲ್ಲಿ ಅವನು ಕೂತಿದ್ದ. ಇನ್ನೊಂದು ಲೆನ್‌ದು. ಜುಲೈಯಿಂದ ಆ ಕುರ್ಚಿಯನ್ನು ನಾನು ಒರೆಸಿದ್ದೇನೆ, ಸುತ್ತ ಗುಡಿಸಿದ್ದೇನೆ, ಅದರಲ್ಲಿ ಕೂತಿಲ್ಲ. ಅವನು ತಟ್ಟೆ ತೊಳೆದಿಟ್ಟು, ನನ್ನ ಹಣೆಗೆ ಮುತ್ತಿಟ್ಟು ಹೋದ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಭಾನುವಾರ ಕೆಂಡ್ರಾ ನಾನು ಎಲ್ಲಿ ನಡೆಯಬೇಕು, ಎಲ್ಲಿ ನಿಲ್ಲಬೇಕು ಅಂತ ಎರಡೆರಡು ಸಲ ಹೇಳಿಕೊಟ್ಟಳು. ನನಗಾಗಿ ಹಾಸಿದ ನೀಲಿ ಜಮಖಾನೆ ಕೂಡ 46ನ್ನು ಬಳಸಿಕೊಂಡು ಹೋಗಿತ್ತು. ಗಾಜಿನ ಕಟ್ಟು ಹಾಕಿಸಿದ ಲೆನ್‌ನ ಅಂಗಿಯನ್ನು ಕೊಡುತ್ತಾರೆ, ನಾನು ಕೈ ಬೀಸಬೇಕು, ಆಮೇಲೆ ಮೌನ, ಅಷ್ಟೇ. ಪಂದ್ಯದ ಮುಖ್ಯ ಅಂಪೈರ್ ವರ್ನನ್ ಪೈಕ್ ಬಂದು ಕೈ ಕುಲುಕಿದ. ಲೆನ್‌ನನ್ನು ಅತಿ ಹೆಚ್ಚು ಸಲ ಹೊರಗೆ ಹಾಕಿದವನು ಇವನೇ. ಶವಸಂಸ್ಕಾರದ ದಿನ ಚರ್ಚಿನ ಕೊನೆಯ ಸಾಲಿನಲ್ಲಿ ಇವನು ಬಿಕ್ಕಿ ಬಿಕ್ಕಿ ಅತ್ತದ್ದನ್ನು ನಾನು ನೋಡಿದ್ದೆ. ಈಗ ತನಗೆ ಬೈಯುವವರೇ ಇಲ್ಲ, ಕೆಲಸಕ್ಕೆ ಬರುವುದೇ ಬೇಜಾರು ಅಂದ.

ಅಂಗಿ ತೆಗೆದುಕೊಂಡೆ, ಕೈ ಬೀಸಿದೆ. ಮೈಕಿನಲ್ಲಿ ಹೇಳಿದರು, ಎಲ್ಲರೂ ಎದ್ದು ಟೋಪಿ ತೆಗೆದರು. ಮೌನ ಶುರುವಾಯಿತು. ಆಟಗಾರರು ನಂಬರಿನ ಎರಡು ಪಕ್ಕ ಸಾಲಾಗಿ ನಿಂತಿದ್ದರು, ಅಂಚಿಗೆ ರಮೀರೋ. ಉಳಿದವರು ಕಣ್ಣು ಮುಚ್ಚಿದ್ದರು. ಅವನು ಮಾತ್ರ ಆ ನಂಬರನ್ನೇ ನೋಡುತ್ತಿದ್ದ, ಬೂಟಿನ ತುದಿಯನ್ನು ಸುಣ್ಣದಿಂದ ಹಿಂದಕ್ಕೆ ಎಳೆದುಕೊಂಡು. ನನ್ನ ಅಂಗಾಲಲ್ಲಿ ಇರುವೆ ಹರಿಯತೊಡಗಿತು. ಲೆನ್, ಇವರು ನಿನ್ನನ್ನು ಗೋರಿ ಮಾಡಿಬಿಟ್ಟರಲ್ಲೋ ಅನ್ನಿಸಿತು. ಅಂಗಿಯ ಕಟ್ಟನ್ನು ಕೆಂಡ್ರಾಳ ಕೈಗೆ ಕೊಟ್ಟು ಜಮಖಾನೆಯಿಂದ ಇಳಿದೆ.

ನಾಲ್ಕು ಹೆಜ್ಜೆಗೆ 4ರ ಮೇಲಿದ್ದೆ. ಚರ್ಚಿಗೆ ಹಾಕುವ ನನ್ನ ಬಿಳಿ ಬೂಟಿನಿಂದ ಒಂದು ಸಲ ಮಣ್ಣು ಒದ್ದೆ, ಚೂರೇ ಚೂರು ಹಾರಿತು. ಕೆಂಡ್ರಾ ಹಲ್ಲು ಕಚ್ಚಿಕೊಂಡು ನನ್ನ ಹೆಸರು ಹಿಡಿದು ಕರೆದಳು. ಎರಡನೆಯ ಸಲ ಜೋರಾಗಿ ಒದ್ದೆ. ಮೂರನೆಯ ಸಲಕ್ಕೆ ವರಸೆ ಸಿಕ್ಕಿತು, ಇಪ್ಪತ್ತೆರಡು ವರ್ಷ ನೋಡಿದ್ದಲ್ಲವೇ. ಕೆಂಪು ಮಣ್ಣು ಸುಣ್ಣದ ಮೇಲೆ ಬೀಳತೊಡಗಿತು. ಅಷ್ಟು ದೊಡ್ಡ ಸ್ಟೇಡಿಯಂನಲ್ಲಿ ನನ್ನ ಬೂಟಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹೋಬರ್ಟ್ ಬಾಯಿಗೆ ಕೈ ಅಡ್ಡ ಹಿಡಿದಿದ್ದ. ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡರೋ ಏನೋ. ನನ್ನ ಕಾಲು ಮಾತ್ರ ನಿಲ್ಲಲಿಲ್ಲ.

ವರ್ನನ್ ಪೈಕ್ ಹೋಮ್ ಪ್ಲೇಟಿನಿಂದ ನಿಧಾನವಾಗಿ ನಡೆದು ಬಂದ, ಚೆಂಡು ತಾಗದಿರಲೆಂದು ಹಾಕುವ ಜಾಲರಿ ಮುಖವಾಡ ಕಂಕುಳಲ್ಲಿ ಇರುಕಿಕೊಂಡು. ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನಿಂತ.

“ವಿಲ್ಮಾ, ಏನ್ರೀ ಇದು?” ಅಂದ, ನನಗೊಬ್ಬಳಿಗೇ ಕೇಳುವ ಹಾಗೆ.

“ಏನ್ ಮಾಡ್ತೀಯೋ ಮಾಡ್ಕೋ ಹೋಗು,” ಅಂದೆ. ಅದು ಲೆನ್‌ನ ಮಾತು. ಪ್ರತಿ ಸಲವೂ ಅವನ ಕೊನೆಯ ಮಾತು ಅದೇ ಆಗಿರುತ್ತಿತ್ತು.

ವರ್ನನ್ ಅರ್ಧ ಮುಚ್ಚಿದ ನಂಬರನ್ನು ನೋಡಿದ. ಅಂಚಿನಲ್ಲಿ ನಿಂತ ರಮೀರೋನ ಬೂಟನ್ನು ನೋಡಿದ. ತಿಂಗಳಿಡೀ ಅವನೂ ಪಂದ್ಯ ನೋಡಿದವನೇ. ಒಂದು ಹೆಜ್ಜೆ ಹಿಂದೆ ಸರಿದು, ಇಡೀ ಮೈ ತಿರುಗಿಸಿ, ತೋಳನ್ನು ಆಕಾಶಕ್ಕೆ ಎಸೆಯುವ ಹಾಗೆ ಎತ್ತಿ ನನ್ನನ್ನು ಪಂದ್ಯದಿಂದ ಹೊರಗೆ ಹಾಕಿದ.

ಆಮೇಲೆ ಎದ್ದಂಥ ಗದ್ದಲವನ್ನು ಜುಲೈಯಿಂದ ಆ ಸ್ಟೇಡಿಯಂ ಕೇಳಿರಲಿಲ್ಲ. ಜನ ಕುರ್ಚಿ ಬಡಿದರು, ಟೋಪಿ ತೂರಿದರು, ವರ್ನನ್‌ನಿಗೆ ಬಾಯಿಗೆ ಬಂದ ಹಾಗೆ ಬೈದರು. ಬೈಯಿಸಿಕೊಂಡು ಅವನ ಮುಖ ಅರಳಿಹೋಗಿತ್ತು. ನಾನು 46ರ ನಟ್ಟನಡುವೆ ತುಳಿದುಕೊಂಡೇ ಮೆಟ್ಟಿಲಿಳಿದೆ. ರಮೀರೋ ನನ್ನ ಕಾಲನ್ನೇ ನೋಡುತ್ತಿದ್ದ. ಅವನ ಮುಂದೆ ನಿಂತು ಹೇಳಿದೆ, “ಅವನು ಅಲ್ಲಿಲ್ಲ ಕಣೋ ಮಗಾ. ಅದು ಬರೀ ಮಣ್ಣು.”

ಹೊರಗೆ ಹಾಕಿಸಿಕೊಂಡವರು ಮೈದಾನದ ಕಣ್ಣಿಗೆ ಬೀಳುವಂತಿಲ್ಲ, ಅದು ನಿಯಮ. ಡಗ್‌ಔಟಿನ ಹಿಂದಿನ ಓಣಿಯಲ್ಲಿ ಲೆನ್‌ನ ಕೋಣೆಗೆ ಹೋದೆ. ಡೆನಿ ಇನ್ನೂ ಅದನ್ನು ತನ್ನ ಕೋಣೆ ಮಾಡಿಕೊಂಡಿರಲಿಲ್ಲ. ಹೊರಗೆ ಹಾಕಿಸಿಕೊಂಡಾಗಲೆಲ್ಲ ಲೆನ್ ಇಲ್ಲಿನ ತನ್ನ ಕುರ್ಚಿಯಲ್ಲಿ ಕೂತು, ಗೋಡೆಗೆ ಕಿವಿ ಕೊಟ್ಟು ಪಂದ್ಯ ಕೇಳುತ್ತಿದ್ದ. ನಾನೂ ಕೇಳಿದೆ. ಗೋಡೆಯಿಂದ ಗೋಡೆಗೆ ಶತಪಥ ಹಾಕಿದೆ. ಜನ ಊಳಿಟ್ಟರೆ ಎದುರಾಳಿಗೆ ರನ್ನು, ಕುಣಿದರೆ ನಮಗೆ. ಕುಣಿತ ಊಳಿಗಿಂತ ಒಂದು ಹೆಚ್ಚಿದೆ ಅಂತ ನನ್ನ ಲೆಕ್ಕ. ಎದುರಾಳಿಯ ಕೊನೆಯ ಸರದಿಯ ಹೊತ್ತಿಗೆ ನನ್ನ ಕಾಲು ಸೋತಿತು.

ಆಗ ಬ್ಯಾಟಿನ ಸದ್ದು ಕೇಳಿತು, ಮೊಂಡಾಗಿ. ಚೆಂಡು ನೇರ ಮೇಲಕ್ಕೆ ಹೋದಾಗ ಬರುವ ಸದ್ದು ಅದು. ಇಡೀ ಸ್ಟೇಡಿಯಂ ಉಸಿರು ಎಳೆದುಕೊಂಡಿತು. ಗೋಡೆಯಾಚೆ ಮಣ್ಣಿನ ಮೇಲೆ ಬೂಟಿನ ಮುಳ್ಳುಗಳ ಸದ್ದು ಹತ್ತಿರ, ಇನ್ನೂ ಹತ್ತಿರ ಬಂತು. ನಿಲ್ಲಬೇಡ ಕಣೋ, ನಿಲ್ಲಬೇಡ ಅಂತ ನಾನು ಗೋಡೆಗೆ ಹೇಳಿದೆ. ಸದ್ದು ನಿಲ್ಲಲಿಲ್ಲ. ಡಗ್‌ಔಟಿನ ಕಂಬಿಗೆ ಯಾರೋ ಧಡ್ ಅಂತ ಬಡಿದ ಸದ್ದಾಯಿತು. ಆಮೇಲೆ ಮೇಲಿನ ಛಾವಣಿಯಿಂದ ಧೂಳು ಉದುರುವಷ್ಟು ಕುಣಿತ.

ಎಷ್ಟೋ ಹೊತ್ತಿನ ಮೇಲೆ ರಮೀರೋ ಬಂದ. ತಲೆಯಿಂದ ಬಿಯರು ತೊಟ್ಟಿಕ್ಕುತ್ತಿತ್ತು, ಮೊಣಕೈ ತರಚಿತ್ತು, ಆ ಚೆಂಡು ಇನ್ನೂ ಕೈಗವಸಿನಲ್ಲೇ ಇತ್ತು. ಹೊಸ್ತಿಲಲ್ಲಿ ನಿಂತು ನನ್ನ ಕಡೆಗೇ ನೋಡಿದ. ಅವನ ದೃಷ್ಟಿ ಹಿಡಿದು ನೋಡಿಕೊಂಡಾಗಲೇ ನನಗೆ ತಿಳಿದದ್ದು, ನಾನು ಲೆನ್‌ನ ಕುರ್ಚಿಯಲ್ಲಿ ಕೂತಿದ್ದೆ. ಯಾವಾಗ ಕೂತೆನೋ ಗೊತ್ತಿಲ್ಲ.

ಅವನು ಅಭ್ಯಾಸಬಲದಿಂದ ಬಗ್ಗಿ ಬೂಟಿನ ದಾರ ಬಿಚ್ಚಲು ಒಂದು ಕಾಲೆತ್ತಿದ. ತಳದ ತುಂಬ ಕೆಂಪು ಮಣ್ಣು, ಅದರೊಳಗೆ ಸುಣ್ಣದ ಬಿಳಿ.

“ಬಿಚ್ಚಬೇಡ,” ಅಂದೆ. “ಬೂಟು ಹಾಕ್ಕೊಂಡೇ ಒಳಗೆ ಬಾ.”